ಎರಡನೇ ಕಣ್ಣಿನ ಹೊರೆ

ಬಳ್ಳಾರಿಯ ಜನ ಅದನ್ನು ಬಿಸಿಲು ಮಾರ್ಕೆಟ್ ಎಂದೇ ಕರೆಯುತ್ತಿದ್ದರು. ಕಟ್ಟಡದ ಮೇಲಿನ ಹೆಸರು ಬೇರೆ, ತುಂಗಭದ್ರಾ ಹವಾಮಾನ ಡೆರಿವೇಟಿವ್ಸ್ ವಿನಿಮಯ ಕೇಂದ್ರ ಎಂದು. ಅಷ್ಟುದ್ದ ಹೇಳಿದರೆ ಆಟೋದವರು ಮುಖ ಮುಖ ನೋಡುತ್ತಿದ್ದರು. ಅಲ್ಲಿ ಹತ್ತಿಯ ಅಂಡಿಗೆಯಾಗಲಿ ಮೆಣಸಿನಕಾಯಿಯ ಚೀಲವಾಗಲಿ ಕೈ ಬದಲಿಸುತ್ತಿರಲಿಲ್ಲ. ಮಾರಾಟವಾಗುತ್ತಿದ್ದುದು ಮುಂದೆ ಬರಲಿರುವ ಬಿಸಿಲಿನ ಮೇಲಿನ ಕರಾರು.

ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಶೆಡ್ಡಿನ ಮಾಲೀಕ ಬೇಸಿಗೆಗೆ ಮುಂಚೆ ಒಂದು ಕರಾರು ಕೊಳ್ಳುತ್ತಿದ್ದ. ಮುಂಬೈಯಲ್ಲೋ ಸಿಂಗಪುರದಲ್ಲೋ ಕೂತವರು ಯಾರೋ ಅದನ್ನು ಮಾರುತ್ತಿದ್ದರು. ಅವನ ಬಡಾವಣೆಯ ಶಾಖ ಮನುಷ್ಯನ ಮೈ ತಾಳುವ ಗೆರೆಯನ್ನು ದಾಟಿದರೆ ಕರಾರು ಬೀಳುತ್ತಿತ್ತು, ಅಂದರೆ ಮಾರಿದವನು ದುಡ್ಡು ಕೊಡಬೇಕಾಗುತ್ತಿತ್ತು. ಬಿದ್ದ ತಕ್ಷಣ ಬೀದಿಯ ಸೈರನ್ ಕೂಗುತ್ತಿತ್ತು, ಹೊಲಿಗೆ ಯಂತ್ರಗಳು ನಿಲ್ಲುತ್ತಿದ್ದವು, ಹೊಲಿಯುವವರ ಅಂದಿನ ಕೂಲಿ ಕರಾರಿನಿಂದಲೇ ಅವರವರ ಖಾತೆಗೆ ಬರುತ್ತಿತ್ತು. ದಾಟದಿದ್ದರೆ ಮಾರಿದವನಿಗೆ ಲಾಭ. ಬೇಸಿಗೆ ಎಂದರೆ ಹೆಣ ಎಣಿಸುವ ಕಾಲ ಎಂಬಂತಾಗಿದ್ದ ಊರಿನಲ್ಲಿ ಈ ವ್ಯವಸ್ಥೆ ಬಂದ ಮೇಲೆ ಜನ ಸ್ವಲ್ಪ ಉಸಿರಾಡಿದ್ದರು.

ಶಾಖ ಎಷ್ಟೆಂದು ಹೇಳುತ್ತಿದ್ದುದು ಬೀದಿಗೊಂದರಂತೆ ಗೋಡೆಗೆ ಬಡಿದಿದ್ದ ಬಿಳಿ ಗೂಡು. ಆದರೆ ಗೂಡಿನ ಮಾತೊಂದನ್ನೇ ನಂಬಬಾರದು ಎಂದು ಕರಾರು ನಿಯಂತ್ರಣ ಮಂಡಳಿ ಮೊದಲ ದಿನವೇ ನಿಯಮ ಮಾಡಿತ್ತು. ಶಾಖ ಗೆರೆಯ ಹತ್ತಿರ ಬಂದ ದಿನ ವಿನಿಮಯ ಕೇಂದ್ರದ ಅಧಿಕಾರಿ ಆ ಬೀದಿಯ ಇಬ್ಬರಿಗೆ ಫೋನು ಮಾಡಬೇಕು, ಅಲ್ಲಿ ಹೇಗಿದೆ ಎಂದು ಕೇಳಬೇಕು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ನಮೂನೆಯಲ್ಲಿ ಬರೆದು ಮಂಡಳಿಗೆ ಕಳಿಸಬೇಕು. ಗೂಡು ಒಂದು ಹೇಳಿ ಜನ ಇನ್ನೊಂದು ಹೇಳಿದರೆ ಆ ಬೀದಿಯ ಲೆಕ್ಕ ತಡೆಹಿಡಿದು, ಒಬ್ಬರು ಹೋಗಿ ಕಣ್ಣಾರೆ ನೋಡಿ ಬರಬೇಕು. ಕಚೇರಿಯಲ್ಲಿ ಇದಕ್ಕೆ ಎರಡನೇ ಕಣ್ಣು ಎಂಬ ಹೆಸರಿತ್ತು. ಮಾಡುತ್ತಿದ್ದವಳು ಪಂಪಾವತಿ.

ನಿಯಮಪಾಲನೆ ಅಧಿಕಾರಿ ಎಂಬ ದೊಡ್ಡ ಹುದ್ದೆ ಅವಳದು. ನಿಜದಲ್ಲಿ ಬೇಸಿಗೆಯುದ್ದಕ್ಕೂ ಕಿವಿಗೆ ಫೋನು, ಕೈಗೆ ಕೀಲಿಮಣೆ. ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಊರಿನ ನಕ್ಷೆ. ಬೀದಿಗಳು ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತಿದ್ದವು. ಹಳದಿಯಾದ ಬೀದಿಗೆಲ್ಲ ಅವಳು ಫೋನು ಮಾಡುತ್ತಿದ್ದಳು.

ಕೌಲ್ ಬಜಾರಿನ ಐಸ್ ಫ್ಯಾಕ್ಟರಿ ಬೀದಿಯಲ್ಲಿ ಫೋನೆತ್ತುತ್ತಿದ್ದವಳು ಮಾಬುನ್ನಿ. ಶೆಡ್ಡೊಂದರಲ್ಲಿ ಹೊಲಿಯುವ ಹೆಂಗಸರ ಮೇಲ್ವಿಚಾರಕಿ, ಗಟ್ಟಿ ಗಂಟಲಿನವಳು.

"ಹೇಗಿದೆ ಮಾಬುನ್ನಿ ಅಲ್ಲಿ?"

"ಹೆಂಗಿರ್ತೈತ್ರಿ ಅಕ್ಕಾ? ಕತ್ರಿ ಮುಟ್ಟಿದ್ರ ಕೈ ಚುರ್ ಅಂತೈತಿ. ನಮ್ಮ ಹನುಮಕ್ಕ ಹೊಲಿಯೋದು ಬಿಟ್ಟು ಕೊಡದ ಮುಂದ ಕುಂತಾಳ. ಬರಕಂಡ್ರೇನು?"

"ಬರ್ಕೊಂಡೆ."

"ಹನುಮಕ್ಕನ ಹೆಸ್ರು ಬರೀಬ್ಯಾಡ್ರಿ ಮತ್ತ, ಮಾಲೀಕ ನೋಡಿದ್ರ ಬೈತಾನ."

ಹಿಂದಿನಿಂದ ಹನುಮಕ್ಕನ ನಗು ಕೇಳಿಸುತ್ತಿತ್ತು. ಮೂರು ಬೇಸಿಗೆ ಹೀಗೆ ಮಾತಾಡಿದ್ದರೂ ಪಂಪಾವತಿ ಅವರಿಬ್ಬರ ಮುಖ ನೋಡಿರಲಿಲ್ಲ.

ನಮೂನೆ ತುಂಬುವುದು ಕಷ್ಟದ ಕೆಲಸವೇನಲ್ಲ, ಆದರೆ ಮುಗಿಯುತ್ತಿರಲಿಲ್ಲ. ಒಬ್ಬರು ಫೋನು ಎತ್ತುತ್ತಿರಲಿಲ್ಲ, ಇನ್ನೊಬ್ಬರು ಸುದ್ದಿಗೆ ಕೂರುತ್ತಿದ್ದರು. ಸಂಜೆ ಕಚೇರಿ ಖಾಲಿಯಾದ ಮೇಲೂ ಅವಳೊಬ್ಬಳೇ ಉಳಿಯುತ್ತಿದ್ದಳು. ಮೊದಮೊದಲು ಅದೇನೂ ಬೇಸರವೆನಿಸಿರಲಿಲ್ಲ. ಗಂಡ ಎರ್ರಿಸ್ವಾಮಿಗೆ ಲಕ್ವ ಹೊಡೆದ ಮೇಲೆ ಎಲ್ಲವೂ ಬದಲಾಯಿತು.

ಎರ್ರಿಸ್ವಾಮಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಬಲಗೈ ಬೇಗ ಸುಧಾರಿಸಿತು, ಮಾತು ಮಾತ್ರ ಚೆಲ್ಲಾಪಿಲ್ಲಿಯಾಯಿತು. ಸೌಟು ತೋರಿಸಿದರೆ ಬಸ್ಸು ಎನ್ನುತ್ತಿದ್ದ, ನೀರು ಬೇಕಾದರೆ ಬಾಗಿಲು ಎನ್ನುತ್ತಿದ್ದ. ತಪ್ಪು ಹೇಳಿದ್ದು ಅವನಿಗೇ ಗೊತ್ತಾಗಿ ಹಣೆ ಚಚ್ಚಿಕೊಳ್ಳುತ್ತಿದ್ದ. ದಿನಾ ಸಂಜೆ ಒಂದಷ್ಟು ಹೊತ್ತು ಎದುರು ಕೂತು ಮಾತಾಡಿಸಿದರೆ ಪದಗಳು ವಾಪಸು ಬರುತ್ತವೆ, ತಡ ಮಾಡಿದರೆ ದಾರಿ ಮುಚ್ಚಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಪಂಪಾವತಿ ಮನೆ ಸೇರುವ ಹೊತ್ತಿಗೆ ಅವನು ದಣಿದು ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದ. ಊರಿನವರನ್ನೆಲ್ಲ ಹೇಗಿದೆ ಹೇಗಿದೆ ಎಂದು ಕೇಳಿ ಬಂದವಳಿಗೆ ಮನೆಯಲ್ಲಿ ಕೇಳಲು ಯಾರೂ ಎಚ್ಚರವಿರುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಮಂಡಳಿಯ ಪ್ರಕಟಣೆ ಬಂತು. ಡೆರಿವೇಟಿವ್ ವಹಿವಾಟು ನಡೆಸುವ ಕೇಂದ್ರಗಳ ಮೇಲೆ ಕಾಗದಪತ್ರದ ಹೊರೆ ಎಷ್ಟಿದೆ, ಅದರಲ್ಲಿ ಯಾವುದು ಅಗತ್ಯ, ಯಾವುದನ್ನು ಕೈಬಿಡಬಹುದು ಎಂದು ಸಾರ್ವಜನಿಕರಿಂದ ಅಭಿಪ್ರಾಯ ಕೇಳಿದ್ದರು. ಎರಡನೇ ಕಣ್ಣಿನ ನಮೂನೆಯೂ ಅದರಲ್ಲಿತ್ತು. ಪ್ರಕಟಣೆಯ ಕನ್ನಡ ಪ್ರತಿಯನ್ನು ವಾರ್ಡ್ ಕಚೇರಿಗಳಲ್ಲಿ ಅಂಟಿಸಬೇಕು ಎಂಬ ಷರತ್ತನ್ನು ಪಂಪಾವತಿಯೇ ಪಾಲಿಸಿದಳು.

ಕೇಂದ್ರದ ಮುಖ್ಯಸ್ಥ ಚಿದಾನಂದ ಅಂಗಡಿ ಅವಳನ್ನು ಕರೆದ. ಹುಬ್ಬಳ್ಳಿಯ ಕಡೆಯವನು, ಯಾರ ಮೇಲೂ ದನಿಯೇರಿಸಿದವನಲ್ಲ.

"ಮೇಡಂ, ಬರೇ ಹೊರೆ ಆಗೇತಿ ಅಂತ ಬರದ್ರ ಮಂಡಳಿಯವ್ರು ಕೇಳೂದಿಲ್ಲ. ಎಷ್ಟು ಹೊರೆ ಅಂತ ಅಳದು ತೋರಸ್ಬೇಕು. ಹಣೆಪಟ್ಟಿ ಬಂದೈತಿ. ನಮೂನೆ ತುಂಬೋರು ನೀವೊಬ್ರ. ಒಂದು ವಾರ ಕಟ್ಕೊಂಡು ಕೆಲಸಾ ಮಾಡ್ರಿ."

ಹಣೆಪಟ್ಟಿ ಆಗ ಹೊಸದು. ಹಣೆಯ ಚರ್ಮದ ಮೂಲಕ ಸಣ್ಣ ಬೆಳಕು ಬಿಟ್ಟು ಮಿದುಳಿನ ಮುಂಭಾಗಕ್ಕೆ ರಕ್ತ ಎಷ್ಟು ರಭಸದಿಂದ ಬರುತ್ತಿದೆ ಎಂದು ಅದು ನೋಡುತ್ತಿತ್ತು. ನಾಡಿ, ರೆಪ್ಪೆಯ ಬಡಿತ, ಬೆವರು ಎಲ್ಲವನ್ನೂ ಕೂಡಿಸಿ, ಈ ಕೆಲಸ ಈ ಮನುಷ್ಯನನ್ನು ಎಷ್ಟು ಸವೆಸಿತು ಎಂದು ಒಂದು ಅಂಕ ಕೊಡುತ್ತಿತ್ತು. ಕಾಗದದ ಹೊರೆಯನ್ನು ಗಂಟೆಗಳಲ್ಲಿ ಅಂದಾಜು ಮಾಡುತ್ತಿದ್ದ ಕಾಲ ಹೋಗಿ ಮಂಡಳಿಯವರೂ ಈ ಅಂಕವನ್ನೇ ಒಪ್ಪುತ್ತಿದ್ದರು. ಸವೆತ ಎಷ್ಟೆಂದು ಪಟ್ಟಿಗೆ ತಿಳಿಯುತ್ತಿತ್ತು. ಯಾಕೆಂದು ತಿಳಿಯುತ್ತಿರಲಿಲ್ಲ.

ಆ ವಾರದಲ್ಲೇ ಒಂದು ಬೆಳಿಗ್ಗೆ ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟುಕೊಂಡು ಎರ್ರಿಸ್ವಾಮಿ ಹೆಂಡತಿಯ ಮುಖವನ್ನೇ ನೋಡುತ್ತ ಕೂತ. ತುಟಿ ಅಲ್ಲಾಡಿತು. ಅವಳ ಹೆಸರನ್ನು ಹುಡುಕುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಬರಲಿಲ್ಲ. ಅವನು ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿ ಅತ್ತ.

ಅವಳು ಕಣ್ಣೊರೆಸಿಕೊಂಡು ಕಚೇರಿಗೆ ಬಂದು ಹಣೆಪಟ್ಟಿ ಕಟ್ಟಿಕೊಂಡಳು. ಚಳಿಗಾಲವಾದ್ದರಿಂದ ಹಳೆಯ ದಿನಗಳ ಶಾಖವನ್ನಿಟ್ಟುಕೊಂಡು ಅಣಕು ಕರೆಗಳು. ಅಲ್ಲಿ ಹೇಗಿದೆ ಎಂದು ಕೇಳುವಾಗ ಕಣ್ಮುಂದೆ ಆ ಸರಿದ ತಟ್ಟೆಯೇ ಇತ್ತು. ಬರೆಯುವಾಗ ಅಕ್ಷರ ಮಸುಕಾಗುತ್ತಿತ್ತು. ವಾರದ ಕೊನೆಗೆ ಅಂಕ ಬಂದಾಗ ಚಿದಾನಂದನೇ ಬೆಚ್ಚಿದ. ಗಣಿಯೊಳಗೆ ಯಂತ್ರ ನಡೆಸುವವರಿಗೂ ಅಷ್ಟು ಬಂದಿರಲಿಲ್ಲ.

"ಇಷ್ಟು ತ್ರಾಸು ತಗೊಂಡು ಕೆಲಸಾ ಮಾಡಾಕತ್ತಿದ್ರೇನ್ರಿ ನೀವು? ಒಂದ್ ಮಾತು ಹೇಳಬಾರ್ದಿತ್ತೇನು?" ಅವನ ದನಿಯಲ್ಲಿ ನಿಜವಾದ ಮರುಕವಿತ್ತು.

ವರದಿಯ ಕೆಳಗೆ ಅಳತೆಗೆ ಒಳಗಾದವರ ಘೋಷಣೆ ಇತ್ತು. ಅಳತೆಯ ಅವಧಿಯಲ್ಲಿ ಈ ಕೆಲಸಕ್ಕೆ ಸಂಬಂಧಪಡದ ಕಾಯಿಲೆ, ದುಃಖ, ಚಿಂತೆ ಯಾವುದೂ ನನಗಿರಲಿಲ್ಲ ಎಂದು. ಪಂಪಾವತಿ ಅದನ್ನು ಓದಿದಳು. ಈ ಅಂಕದಲ್ಲಿ ನಮೂನೆಯ ಪಾಲು ಎಷ್ಟು, ಎರ್ರಿಸ್ವಾಮಿಯ ಪಾಲು ಎಷ್ಟು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ರುಜು ಹಾಕದಿದ್ದರೆ ಮತ್ತೆ ಅಳೆಯುತ್ತಾರೆ, ಹೊರೆ ಸಾಧಾರಣ ಎಂದು ಬರುತ್ತದೆ, ನಮೂನೆ ಉಳಿಯುತ್ತದೆ. ಹಾಕಿದರೆ ಸಂಜೆಗಳು ಉಳಿಯುತ್ತವೆ. ಅವಳು ರುಜು ಹಾಕಿದಳು. ಎಂದಿನ ರುಜುವಿನಷ್ಟೇ ಸಲೀಸಾಗಿ ಬಂತು. ಆಮೇಲೆ ಎಷ್ಟೋ ಸಲ ಅವಳನ್ನು ಕಾಡಿದ್ದು ಅದೇ.

ಅಭಿಪ್ರಾಯ ಹೇಳುವ ಅವಧಿ ಮುಗಿಯುವ ಮುಂಚೆ ಒಂದು ದಿನ ಮಾಬುನ್ನಿಯೇ ಫೋನು ಮಾಡಿದಳು. ಅವಳಾಗಿ ಮಾಡಿದ್ದು ಅದೇ ಮೊದಲು.

"ಅಕ್ಕಾ, ವಾರ್ಡ್ ಆಫೀಸ್ನ್ಯಾಗ ಏನೋ ಕಾಗದ ಅಂಟಿಸ್ಯಾರಂತಲ್ಲ. ಬಿಸ್ಲು ಮಾರ್ಕೆಟ್ಟಿಂದಂತ. ಹನುಮಕ್ಕ ನೋಡಿಕೆಂಡು ಬಂದ್ಲು. ಜನ ಏನರ ಹೇಳಾದಿದ್ರ ಹೇಳ್ರಿ ಅಂತ ಬರದೈತಂತ. ನಾವೇನರ ಹೇಳಬೇಕೇನ್ರಿ?"

ನಿಯಂತ್ರಣ ಕೊಠಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಕ್ಷೆಯಲ್ಲಿ ಊರೆಲ್ಲ ಹಸಿರಾಗಿತ್ತು.

"ಏನಿಲ್ಲ ಮಾಬುನ್ನಿ. ನಮ್ಮ ಆಫೀಸಿನ ಬರೆಯೋ ಕೆಲಸ ಕಡಿಮೆ ಮಾಡೋ ವಿಷಯ. ನಿಮಗೆ ಸಂಬಂಧ ಇಲ್ಲ."

"ಹಂಗೇನ್ರಿ? ನಾನೆಲ್ಲಿ ನಮ್ಮ ಸೈರನ್ ತಗೀತಾರೋ ಅಂದ್ಕಂಡೆ."

"ಇಲ್ಲ, ಸೈರನ್ ಇರುತ್ತೆ."

"ಇದ್ರ ಸಾಕು ಬಿಡ್ರಿ. ನಿಮ್ಮ ಕೆಲಸ ಕಮ್ಮಿಯಾದ್ರ ನಮಗೂ ಖುಷೀನೇ ಅಕ್ಕಾ. ದಿನಾ ನಮ್ಮ ತಲಿನೋವು ಕೇಳ್ತೀರಿ."

ಸುಳ್ಳು ಹೇಳಿಲ್ಲವಲ್ಲ, ಎಂದು ಪಂಪಾವತಿ ಫೋನು ಇಟ್ಟು ತನಗೆ ತಾನೇ ಹೇಳಿಕೊಂಡಳು.

ಮಂಡಳಿಗೆ ಬಂದ ಅಭಿಪ್ರಾಯಗಳೆಲ್ಲ ವ್ಯಾಪಾರಿ ಸಂಸ್ಥೆಗಳವು. ಎರಡನೇ ಕಣ್ಣಿನಿಂದಾಗಿ ಲೆಕ್ಕ ತೀರುವುದು ತಡವಾಗುತ್ತದೆ, ಜನರ ಬಾಯಿಮಾತಿಗೆ ಅಳತೆಗೋಲಿಲ್ಲ, ಗೂಡು ಕೆಟ್ಟರೆ ಕಂಡುಹಿಡಿಯಲು ಕಂಪ್ಯೂಟರ್ ಇದೆ ಎಂದು ಅವು ಬರೆದಿದ್ದವು. ಎಲ್ಲದರಲ್ಲೂ ಬಳ್ಳಾರಿಯ ಅಧಿಕಾರಿಯ ಹಣೆಯ ಅಂಕ ಉದಾಹರಣೆಯಾಗಿತ್ತು. ಬಿಸಿಲಲ್ಲಿ ದುಡಿಯುವವರಿಂದ ಒಂದೂ ಬಂದಿರಲಿಲ್ಲ. ಬೇಸಿಗೆ ಹತ್ತಿರವಾಗುವ ಮೊದಲೇ ನಮೂನೆ ರದ್ದಾಯಿತು.

ಆಮೇಲಿನ ತಿಂಗಳುಗಳನ್ನು ಪಂಪಾವತಿ ಸುಖವಾಗಿಯೇ ಕಳೆದಳು. ಅದನ್ನು ಅವಳು ಮುಂದೆಂದೂ ಅಲ್ಲಗಳೆಯಲಿಲ್ಲ. ಹೊತ್ತಿರುವಾಗಲೇ ಮನೆ ಸೇರುತ್ತಿದ್ದಳು. ಅಡುಗೆಮನೆಯ ಸಾಮಾನನ್ನೆಲ್ಲ ಜಗಲಿಗೆ ತಂದು ಹರವಿಕೊಂಡು ಗಂಡನೆದುರು ಕೂರುತ್ತಿದ್ದಳು.

"ಇದೇನು? ಹೇಳು."

"ಬ... ಸೌ..."

"ಹೂಂ, ಹೇಳು."

"ಸೌಟು."

ಇಬ್ಬರೂ ಪರೀಕ್ಷೆ ಪಾಸಾದವರಂತೆ ನಗುತ್ತಿದ್ದರು. ಯುಗಾದಿಯ ಹೊತ್ತಿಗೆ ಎರ್ರಿಸ್ವಾಮಿ ಹಾಲಿನವನನ್ನು ಹೆಸರು ಹಿಡಿದು ಕರೆದ. ಒಂದು ಸಂಜೆ ಕೋಟೆಗುಡ್ಡದ ಕಡೆ ಕೈ ತೋರಿ 'ಬಂಡೆ ಬಿಸಿ' ಎಂದ. ಎರಡು ಪದ ಜೋಡಿಸಿದ್ದು ಅದೇ ಮೊದಲು.

ಆ ವರ್ಷ ಬಿಸಿಲು ಬೇಗ ಏರಿತು. ನಕ್ಷೆಯಲ್ಲಿ ಕೆಂಪಾದ ಬೀದಿಗಳಲ್ಲಿ ಕರಾರು ತಾನಾಗಿ ಬೀಳುತ್ತಿತ್ತು, ಸೈರನ್ ತಾನಾಗಿ ಕೂಗುತ್ತಿತ್ತು. ಯಾರೂ ಯಾರಿಗೂ ಫೋನು ಮಾಡಬೇಕಿರಲಿಲ್ಲ. ಐಸ್ ಫ್ಯಾಕ್ಟರಿ ಬೀದಿ ಮಾತ್ರ ಹಳದಿಯಲ್ಲೇ ನಿಂತಿತ್ತು. ಪಂಪಾವತಿ ಅದನ್ನು ನೋಡಲಿಲ್ಲವೆಂದಲ್ಲ. ಗೋಡೆಯ ಮೇಲಿನ ನಕ್ಷೆ ನೋಡಿದವರ ಕಣ್ಣಿಗೆ ಅದು ಬೀಳಲೇಬೇಕು. ಅಲ್ಲಿ ಗಾಳಿ ಚೆನ್ನಾಗಿದೆಯೇನೋ ಎಂದುಕೊಂಡಳು. ವಿಚಾರಿಸುವುದು ಅವಳ ಕೆಲಸವಾಗಿ ಉಳಿದಿರಲಿಲ್ಲ.

ಆಗಿದ್ದು ಇಷ್ಟು. ಐಸ್ ಫ್ಯಾಕ್ಟರಿಯವರು ಲಾರಿ ತುಂಬಲು ಪಕ್ಕದ ಗೋಡೆಯಲ್ಲಿ ಹೊಸ ಬಾಗಿಲು ಒಡೆದಿದ್ದರು. ಬಿಳಿ ಗೂಡು ಆ ಬಾಗಿಲಿಗೆ ಒತ್ತಿಕೊಂಡೇ ಇತ್ತು. ಬಾಗಿಲು ತೆರೆದಾಗೆಲ್ಲ ಒಳಗಿನ ತಣ್ಣನೆಯ ಗಾಳಿ ನೇರವಾಗಿ ಗೂಡಿಗೆ ಬಡಿಯುತ್ತಿತ್ತು. ಬಿಸಿಲು ಹೆಚ್ಚಿದಷ್ಟೂ ಊರಿಗೆ ಐಸು ಹೆಚ್ಚು ಬೇಕು, ಲಾರಿ ಹೆಚ್ಚು, ಬಾಗಿಲು ತೆರೆದಿರುವ ಹೊತ್ತು ಹೆಚ್ಚು. ಬೀದಿ ಬೇಯುತ್ತ ಹೋದಂತೆ ಗೂಡಿಗೆ ತಂಪು ಹೆಚ್ಚುತ್ತ ಹೋಯಿತು. ಬದಲಾವಣೆ ದಿನಕ್ಕೆ ಇಷ್ಟಿಷ್ಟೇ ಆಗಿದ್ದರಿಂದ ಕಂಪ್ಯೂಟರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಪಂಪಾವತಿ ರಜೆ ಹಾಕಿ ಮನೆಯಲ್ಲಿದ್ದಳು. ಕೂಲರಿನೆದುರು ಕೂತು ಮಾವಿನಹಣ್ಣು ಹೆಚ್ಚುತ್ತಿದ್ದಳು. ಎರ್ರಿಸ್ವಾಮಿ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು, ನಿಂತು, ಬಾಯಿ ತೆರೆದ.

"ಪಂಪಾ, ನನಗೊಂದು ಹೋಳು ಕೊಡು."

ಅವಳು ಚಾಕು ಕೆಳಗಿಟ್ಟಳು. ಅವನ ಕೈಗಳೆರಡನ್ನೂ ಹಿಡಿದು ಮುಖಕ್ಕೆ ಒತ್ತಿಕೊಂಡಳು. ಹಣ್ಣಿನ ರಸ ಕೆನ್ನೆಗೆಲ್ಲ ಮೆತ್ತಿತು. ಆ ಗಳಿಗೆಯಲ್ಲಿ ಜಗತ್ತಿನಲ್ಲಿ ಯಾರಿಗೂ ಯಾವ ಕಷ್ಟವೂ ಇಲ್ಲವೆನಿಸಿತು.

ಅದೇ ಮಧ್ಯಾಹ್ನ ಹನುಮಕ್ಕ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟಳು. ನಿದ್ದೆ ಹತ್ತಿತೆಂದು ಪಕ್ಕದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಎಬ್ಬಿಸಲು ಹೋದಾಗ ಮೈ ಕಾದ ಹೆಂಚಿನಂತಿತ್ತು, ಬೆವರು ನಿಂತುಹೋಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಅವಳ ಮಗಳು ಇನ್ನೂ ಅಂಗನವಾಡಿಗೆ ಹೋಗುವ ಕೂಸು.

ಪಂಪಾವತಿಗೆ ತಿಳಿದದ್ದು ಮರುದಿನ, ಕಚೇರಿಯಲ್ಲಿ. ಬೇಸಿಗೆಯಲ್ಲಿ ಸತ್ತವರ ಸುದ್ದಿ ಆ ಊರಿಗೆ ಹೊಸದಲ್ಲ, ಆದರೆ ಈ ಬೀದಿಯಲ್ಲಿ ಕರಾರೇ ಬಿದ್ದಿರಲಿಲ್ಲ. ಅವಳು ಯಾರಿಗೂ ಹೇಳದೆ ಆಟೋ ಹಿಡಿದು ಕೌಲ್ ಬಜಾರಿಗೆ ಹೋದಳು. ಬೀದಿಗೆ ಕಾಲಿಟ್ಟಾಗ ಡಾಂಬರು ಚಪ್ಪಲಿಗೆ ಅಂಟಿತು. ಬಿಳಿ ಗೂಡಿನ ಹತ್ತಿರ ನಿಂತಾಗ ಮಾತ್ರ ಮೈಗೆ ಹಿತವಾದ ತಣ್ಣನೆ ಗಾಳಿ ಸೋಕಿತು. ಅವಳಿಗೆ ಅಲ್ಲೇ ಎಲ್ಲ ಅರ್ಥವಾಯಿತು. ಶೆಡ್ಡು ನಾಲ್ಕು ಹೆಜ್ಜೆ ಆಚೆಗಿತ್ತು. ಹೋಗಲಾಗಲಿಲ್ಲ, ಬಂದ ಆಟೋದಲ್ಲೇ ವಾಪಸಾದಳು.

ಕಚೇರಿಗೆ ಹೊರಗಿನಿಂದ ಬಂದಿದ್ದ ಕರೆಗಳ ಧ್ವನಿಮುದ್ರಣವನ್ನು ಅವಳು ಹುಡುಕಿ ತೆಗೆದು ಕೇಳಿದಳು. ಮಾಬುನ್ನಿ ಎರಡನೇ ಕಣ್ಣಿನ ಹಳೆಯ ನಂಬರಿಗೆ ಮತ್ತೆ ಮತ್ತೆ ಫೋನು ಮಾಡಿದ್ದಳು. ಉತ್ತರ ಕೊಟ್ಟದ್ದು ಯಂತ್ರದ ದನಿ: ನಿಮ್ಮ ಬಡಾವಣೆಯ ಶಾಖ ಮಿತಿಯೊಳಗಿದೆ, ಶುಭದಿನ. ಕೊನೆಯ ಕರೆಯಲ್ಲಿ ಮಾಬುನ್ನಿ ಆ ದನಿಗೇ ಅಂಗಲಾಚಿದ್ದಳು. "ನಮ್ಮ ಅಕ್ಕಾರಿಗೆ ಕೊಡ್ರಿ ಫೋನು. ಪಂಪಾವತಿ ಅಕ್ಕಾರಿಗೆ. ಅವ್ರಿಗೆ ಹೇಳಿದ್ರ ತಿಳಿತೈತಿ."

ಚಿದಾನಂದ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡ. ಅವನ ಮುಖವೂ ಬಿಳುಚಿತ್ತು.

"ಮೇಡಂ, ಕಾಯ್ದೆ ಪ್ರಕಾರ ಯಾರದೂ ತಪ್ಪಿಲ್ರಿ. ನಮೂನಿ ರದ್ದು ಮಾಡಿದವ್ರು ಮಂಡಳಿಯವ್ರು. ಜನರಿಗೂ ಅಭಿಪ್ರಾಯ ಹೇಳಾಕ ಅವಕಾಶ ಕೊಟ್ಟಿದ್ರು. ಯಾರೂ ಹೇಳ್ಲಿಲ್ಲ. ನಾವೇನ್ ಮಾಡೂನು?"

ಯಾರೂ ಹೇಳಲಿಲ್ಲ ಎಂಬ ಮಾತು ಕೇಳಿದೊಡನೆ ಪಂಪಾವತಿ ಎದ್ದು ಹೊರಗೆ ಹೋದಳು. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಳು. ಆ ದಿನ ಮನೆಗೆ ಹೋದಾಗ ಎರ್ರಿಸ್ವಾಮಿ ಜಗಲಿಯಲ್ಲಿ ಸೌಟು, ಲೋಟ, ಜರಡಿ ಹರವಿಕೊಂಡು ಅವಳಿಗಾಗಿ ಕಾಯುತ್ತಿದ್ದ. ಅವನ ಬಾಯಿಂದ ಬರುವ ಒಂದೊಂದು ಪದವೂ ಈಗ ಬೇರೊಬ್ಬರ ಮನೆಯಿಂದ ಎತ್ತಿ ತಂದದ್ದೆನಿಸಿತು. ಅವಳು ತಲೆನೋವೆಂದು ಒಳಗೆ ಹೋದಳು.

ಪತ್ರಿಕೆಗಳಲ್ಲಿ ಗದ್ದಲವಾಗಿ ಮಂಡಳಿ ಮತ್ತೆ ಅಭಿಪ್ರಾಯ ಕೇಳಿತು. ಎರಡನೇ ಕಣ್ಣನ್ನು ವಾಪಸು ತರಬೇಕೇ ಬೇಡವೇ ಎಂದು. ಮಂಡಳಿಯ ಸದಸ್ಯೆ ಸುನಂದಾ ದೇಶಮಾನೆ ಬೆಳಗಾವಿಯವರು; ಹೊರೆಯನ್ನು ತಮ್ಮೆದುರೇ ಮತ್ತೊಮ್ಮೆ ಅಳೆಯಬೇಕೆಂದು ಬಳ್ಳಾರಿಗೇ ಬಂದರು. ನಿಯಂತ್ರಣ ಕೊಠಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಪಂಪಾವತಿಯ ಹಣೆಗೆ ಮತ್ತೆ ಪಟ್ಟಿ ಕಟ್ಟಲಾಯಿತು. ಹಳೆಯ ನಮೂನೆ ಪರದೆಯ ಮೇಲೆ ಬಂತು. ಮೊದಲ ಕರೆ ಐಸ್ ಫ್ಯಾಕ್ಟರಿ ಬೀದಿಗೆ.

"ಹಲೋ, ಮಾಬುನ್ನಿ? ನಾನು... ಪಂಪಾವತಿ. ಅಲ್ಲಿ ಹೇಗಿದೆ?"

ಆ ಕಡೆ ಹೊಲಿಗೆ ಯಂತ್ರಗಳ ಸದ್ದು.

"ಈಗ ಕೇಳ್ತೀರೇನ್ರಿ ಅಕ್ಕಾ?" ಎಂದಳು ಮಾಬುನ್ನಿ. ಗಟ್ಟಿ ಗಂಟಲು ಇಳಿದುಹೋಗಿತ್ತು. "ಬರಕಳ್ರಿ. ಬಿಸ್ಲು ಐತಿ. ಹನುಮಕ್ಕ ಇಲ್ಲ."

ಫೋನು ಕಟ್ಟಾಯಿತು. ಪಂಪಾವತಿ ಬರೆಯತೊಡಗಿದಳು. ಬಿಸ್ಲು ಐತಿ ಎಂದು ಬರೆದಳು. ಮುಂದಿನದನ್ನು ಬರೆಯಲು ಬೆರಳು ಏಳಲಿಲ್ಲ. ಪಕ್ಕದ ಪರದೆಯಲ್ಲಿ ಅಂಕ ಏರುತ್ತಿತ್ತು, ಏರುತ್ತಲೇ ಹೋಗಿ ಹಿಂದಿನ ಅಳತೆಯನ್ನೂ ಮೀರಿತು.

"ನೋಡ್ರಿ ಮೇಡಂ," ಚಿದಾನಂದ ದೇಶಮಾನೆಯವರ ಕಡೆ ಬಾಗಿ ತಗ್ಗಿದ ದನಿಯಲ್ಲಿ ಹೇಳಿದ. "ಒಂದು ಫೋನಿಗೆ, ಒಂದು ಸಾಲಿಗೆ ಇಷ್ಟು. ಮನುಷ್ಯಾರು ಮಾಡೋ ಕೆಲಸಲ್ರಿ ಇದು."

ದೇಶಮಾನೆ ತಲೆದೂಗಿ ಏನೋ ಗುರುತು ಹಾಕಿಕೊಂಡರು. ಪಂಪಾವತಿ ಅದನ್ನು ನೋಡಿದಳು. ಸುಮ್ಮನಿದ್ದರೆ ಸಾಕಿತ್ತು. ಅವಳ ಅಳಲನ್ನು ಯಂತ್ರ ಮತ್ತೆ ನಮೂನೆಯ ತಲೆಗೇ ಕಟ್ಟುತ್ತಿತ್ತು, ಬರುವ ಬೇಸಿಗೆಯಲ್ಲೂ ಯಾರೂ ಆ ಬೀದಿಗೆ ಫೋನು ಮಾಡುತ್ತಿರಲಿಲ್ಲ.

ಅವಳು ಎರಡೂ ಕೈಯಿಂದ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ಇದು ನಮೂನೆಯ ಭಾರ ಅಲ್ಲ ಮೇಡಂ. ನನ್ನದು."

"ಹಾಗಂದ್ರೆ?" ದೇಶಮಾನೆ ತಲೆಯೆತ್ತಿದರು.

"ಹೋದ ಸಲದ್ದೂ ನನ್ನದೇ. ಆವಾಗ ಮನೆಯವರಿಗೆ ಮಾತು ಹೋಗಿತ್ತು. ಅದೇ ಚಿಂತೆಯಲ್ಲಿ ಪಟ್ಟಿ ಕಟ್ಟಿಕೊಂಡಿದ್ದೆ. ಸುಳ್ಳು ಅಂತ ಗೊತ್ತಿದ್ದೇ, ಚಿಂತೆ ಏನೂ ಇಲ್ಲ ಅಂತ ರುಜು ಹಾಕಿದೆ. ಸಂಜೆ ಬೇಗ ಮನೆಗೆ ಹೋಗಬೇಕಿತ್ತು ನನಗೆ." ಅವಳು ಚಿದಾನಂದನ ಕಡೆ ತಿರುಗಿದಳು. "ಜನ ಯಾರೂ ಅಭಿಪ್ರಾಯ ಹೇಳಲಿಲ್ಲ ಅಂತಾರಲ್ಲ, ಅದೂ ಸುಳ್ಳು. ಒಬ್ಬಳು ಕೇಳಿದ್ದಳು. ನಾನೇ ನಿಮಗೆ ಸಂಬಂಧ ಇಲ್ಲ ಅಂದೆ. ಈ ನಮೂನೆ ತುಂಬೋಕೆ ಬೇಕಾಗೋದು ಸ್ವಲ್ಪ ತಾಳ್ಮೆ, ಅಷ್ಟೇ."

ಚಿದಾನಂದ ಕುರ್ಚಿಯ ಅಂಚಿನಲ್ಲಿ ಕೂತು ನೆಲ ನೋಡುತ್ತಿದ್ದ. ದೇಶಮಾನೆ ಮೆಲ್ಲಗೆ ಕೇಳಿದರು.

"ಇದನ್ನು ನಿಮ್ಮ ಹೆಸರಲ್ಲಿ ಬಹಿರಂಗ ಅಭಿಪ್ರಾಯ ಅಂತ ಕೊಡ್ತೀರಾ? ಎಲ್ಲರೂ ಓದ್ತಾರೆ. ಸುಳ್ಳು ಘೋಷಣೆಗೆ ಏನು ಶಿಕ್ಷೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು."

"ಗೊತ್ತು. ಕೊಡ್ತೀನಿ."

ಕೊಟ್ಟಳು. ಕೆಲಸ ಹೋಯಿತು. ಇಂಥ ಕೇಂದ್ರಗಳಲ್ಲಿ ಇನ್ನೆಲ್ಲೂ ಕೆಲಸ ಮಾಡದಂತೆ ಹೆಸರು ಕಪ್ಪುಪಟ್ಟಿಗೆ ಸೇರಿತು. ಮಂಡಳಿ ಹಳೆಯ ಅಳತೆಯನ್ನು ಅಸಿಂಧುವೆಂದು ಸಾರಿ ಎರಡನೇ ಕಣ್ಣನ್ನು ವಾಪಸು ತಂದಿತು. ಅದಕ್ಕೆಂದೇ ಇಬ್ಬರನ್ನು ಹೊಸದಾಗಿ ನೇಮಿಸಬೇಕೆಂದೂ ಹೇಳಿತು. ಅಷ್ಟು ಸುಲಭದ ದಾರಿಯೊಂದು ಇತ್ತೆಂದು ಪಂಪಾವತಿಗೆ ಆಗ ಹೊಳೆದಿರಲಿಲ್ಲ, ಯಾರಿಗೂ ಹೊಳೆದಿರಲಿಲ್ಲ. ಇನ್ನೊಬ್ಬರನ್ನು ಕೊಡಿ ಎಂದು ಅವಳು ಕೇಳಬಹುದಿತ್ತು. ಆ ಯೋಚನೆ ಅವಳನ್ನು ಉಳಿದೆಲ್ಲಕ್ಕಿಂತ ಹೆಚ್ಚು ಸುಟ್ಟಿತು.

ಪತ್ರಿಕೆಯಲ್ಲಿ ಅವಳ ಹೇಳಿಕೆ ಬಂತು. ಕೆಲವರು ಧೈರ್ಯವಂತೆ ಎಂದರು. ಮನೆಗೇ ಬಂದು ಕೈಮುಗಿದು ಹೋದವರೂ ಇದ್ದರು. ಅಂಥವರು ಬಂದಾಗ ಅವಳು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಹೇಳಬೇಕಾದವರಿಗೆ ಇನ್ನೂ ಹೇಳಿರಲಿಲ್ಲ.

ಎರ್ರಿಸ್ವಾಮಿಗೆ ಎಲ್ಲ ಗೊತ್ತಾಗಿತ್ತು. ಒಂದು ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಲ್ಲಿ ನಿಂತು, ಮತ್ತೆ ಬಿಚ್ಚಿ, ಮತ್ತೆ ಮೆಟ್ಟಿಕೊಳ್ಳುವುದನ್ನು ಅವನು ಕೂತಲ್ಲಿಂದ ನೋಡುತ್ತಿದ್ದ. ಈಗ ಅವನಿಗೆ ಬೇಕಾದಷ್ಟು ಪದಗಳಿದ್ದವು. ಆರಿಸಿದ್ದು ಒಂದೇ.

"ಹೇಳು," ಎಂದ.

ಶೆಡ್ಡಿನ ಬಾಗಿಲಲ್ಲಿ ಹೆಂಗಸರು ಇನ್ನೂ ಒಳಗೆ ಹೋಗಿರಲಿಲ್ಲ. ಮಾಬುನ್ನಿಯನ್ನು ಪಂಪಾವತಿ ದನಿಯಿಂದ ಗುರುತಿಸಿದಳು. ದೊಡ್ಡ ಆಳೆಂದುಕೊಂಡಿದ್ದಳು, ಸಣ್ಣಗೆ ಕುಳ್ಳಗಿದ್ದಳು. ಅವಳ ಸೆರಗು ಹಿಡಿದು ಒಂದು ಹೆಣ್ಣುಕೂಸು ನಿಂತಿತ್ತು. ಯಾರ ಮಗಳೆಂದು ಕೇಳಬೇಕಾಗಲಿಲ್ಲ.

"ನಾನು ಪಂಪಾವತಿ," ಎಂದಳು.

ಹೆಂಗಸರು ತಿರುಗಿ ನೋಡಿದರು. ಪಂಪಾವತಿ ಎಲ್ಲವನ್ನೂ ಹೇಳಿದಳು, ಹಣೆಪಟ್ಟಿಯದು, ರುಜುವಿನದು, ಆ ದಿನದ ಫೋನಿನದು. ಗಂಡನ ಕಾಯಿಲೆಯನ್ನೂ ಹೇಳಿದಳು, ಹೇಳಿದ ಮೇಲೆ ಅದನ್ನು ಹೇಳಬಾರದಿತ್ತೆನಿಸಿತು. ಕ್ಷಮೆ ಕೇಳಲೆಂದು ಕೂಡಿಸಿಕೊಂಡು ಬಂದಿದ್ದ ಮಾತು ಬಾಯಿಗೆ ಬರಲಿಲ್ಲ.

ಮಾಬುನ್ನಿ ಪೂರ್ತಿ ಕೇಳಿಸಿಕೊಂಡಳು.

"ಪೇಪರ್ನ್ಯಾಗ ಓದಿ ಹೇಳಿದ್ರು," ಎಂದಳು. "ನಾ ನಂಬಿರಲಿಲ್ಲ. ನಮ್ಮ ಅಕ್ಕ ಹಂಗಲ್ಲ ಅಂದಿದ್ದೆ."

ಒಳಗೆ ಯಾರೋ ಯಂತ್ರ ಶುರು ಮಾಡಿದರು. ಮಾಬುನ್ನಿ ಬಗ್ಗಿ ಕೂಸನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡಳು.

"ನಿಮ್ಮ ಯಜಮಾನ್ರಿಗೆ ಈಗ ಮಾತು ಬರ್ತೈತೇನ್ರಿ?"

"ಬರುತ್ತೆ."

"ಬರ್ಲಿ ಬಿಡ್ರಿ. ಅವ್ರದೇನು ತಪ್ಪೈತಿ." ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದಳು. "ಕುಂದರ್ರಿ ಅನ್ನಾಕ ನನಗ ಆಗಂಗಿಲ್ಲ ಅಕ್ಕಾ. ಇವತ್ತಂತೂ ಆಗಂಗಿಲ್ಲ."

ಪಂಪಾವತಿ ತಲೆಯಾಡಿಸಿ ತಿರುಗಿದಳು. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಆ ಗಟ್ಟಿ ಗಂಟಲು ಕೇಳಿಸಿತು.

"ಬಿಸ್ಲು ಏರೋದ್ರಾಗ ಮನಿ ಮುಟ್ರಿ. ಇವತ್ತು ಜೋರೈತಿ."